ಅಂಗಡಿ ಗಾಡಿಗೆ ಸ್ಪೀಡ್ ದಂಡ ಬಂತಾ? ಕಟ್ಟೋರು ಯಾರು, ಮಾಲೀಕರ ಹೊಣೆ ಎಷ್ಟು?

ಹಾನಗಲ್/ಶಿಗ್ಗಾಂವಿ/ಸವಣೂರು/ಹಿರೇಕೆರೂರು: ಗಾಡಿ ಅಂಗಡಿ ಹೆಸರಲ್ಲಿರುತ್ತೆ. ಓಡಿಸೋನು ಡ್ರೈವರ್, ಸೇಲ್ಸ್ ಹುಡುಗ, ಇಲ್ಲಾ ಮಾಲೀಕರ ತಮ್ಮ. ಹೆದ್ದಾರಿ ಕ್ಯಾಮೆರಾ ಇದ್ಯಾವುದನ್ನೂ ನೋಡಲ್ಲ, ನಂಬರ್ ಪ್ಲೇಟ್ ಒಂದನ್ನೇ ನೋಡುತ್ತೆ. ಹಾಗಾಗಿ ದಂಡದ ಮೆಸೇಜ್ ಬರೋದು ಆರ್‌ಸಿಯಲ್ಲಿ ಯಾರ ಹೆಸರು, ಮೊಬೈಲ್ ನಂಬರ್ ಇದೆಯೋ ಅವರಿಗೆ. ಜಗಳ ಶುರುವಾಗೋದೂ ಅಲ್ಲಿಂದಲೇ. ಮಾಲೀಕರು "ನಾ ಓಡಿಸಿಲ್ಲ, ನಾ ಯಾಕ ಕಟ್ಲಿ?" ಅಂತಾರೆ. ಡ್ರೈವರ್ "ನೀವ ಲಗೂ ಹೋಗಿ ಬಾ ಅಂದಿದ್ರಲ್ರೀ ಸಾವ್ಕಾರ್ರ" ಅಂತಾನೆ.

ಇಬ್ಬರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಕಾನೂನು ಏನು ಹೇಳುತ್ತೆ, ಮೆಸೇಜ್ ಬಂದ ಮೇಲೆ ಏನು ಮಾಡಬೇಕು ಅನ್ನೋದನ್ನ ಒಂದೊಂದಾಗಿ ನೋಡೋಣ.

ಮೊದಲು ಮಿತಿ ಎಷ್ಟು ಅಂತ ತಿಳಿಯಿರಿ

ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆ ಪ್ರಕಾರ, ನಡುವೆ ಡಿವೈಡರ್ ಇರುವ ನಾಲ್ಕು ಪಥ ಅಥವಾ ಅದಕ್ಕೂ ದೊಡ್ಡ ರಸ್ತೆಯಲ್ಲಿ ಕಾರಿಗೆ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಊರೊಳಗೆ ಮತ್ತು ಉಳಿದ ರಸ್ತೆಗಳಲ್ಲಿ 70. ಸರಕು ಗಾಡಿಗೆ ನಾಲ್ಕು ಪಥದಲ್ಲಿ 80, ಊರೊಳಗೆ ಮತ್ತು ಉಳಿದ ರಸ್ತೆಯಲ್ಲಿ 60. ಬೈಕಿಗೆ ನಾಲ್ಕು ಪಥದಲ್ಲಿ 80, ಉಳಿದ ಕಡೆ 60. ಇದಕ್ಕಿಂತ ಕಡಿಮೆ ಮಿತಿ ಇಡೋ ಅಧಿಕಾರ ರಾಜ್ಯಕ್ಕೆ ಇದೆ. ಆದ್ದರಿಂದ ರಸ್ತೆ ಬದಿ ಬೋರ್ಡಿನಲ್ಲಿ ಕಡಿಮೆ ಬರೆದಿದ್ದರೆ ಅದೇ ಅಂತಿಮ.

ನಮ್ಮ ಕಡೆ ತಪ್ಪೋದು ಎರಡು ಕಡೆ. ಒಂದು, ಪುಣೆ–ಬೆಂಗಳೂರು ಹೆದ್ದಾರಿ. ತಡಸ, ಶಿಗ್ಗಾಂವಿ, ಬಂಕಾಪುರ ದಾಟಿ ಹಾವೇರಿ ಕಡೆ ಹೋಗೋ ಈ ರಸ್ತೆಯಲ್ಲಿ ಕಾರಿನವರು 100ರಲ್ಲಿ ಹೋದರೆ ಸರಿ. ಅದೇ ವೇಗದಲ್ಲಿ ಟಾಟಾ ಏಸ್, ಬೊಲೆರೊ ಪಿಕಪ್ ಹೋದರೆ ತಪ್ಪು, ಯಾಕಂದ್ರೆ ಅವು ಸರಕು ಗಾಡಿ, ಅವುಗಳ ಮಿತಿ 80. "ಪಕ್ಕದ ಕಾರಿನ ಜೊತೆಗೇ ಹೋಗ್ತಿದ್ದೆ" ಅನ್ನೋ ಸಬೂಬು ನಡೆಯಲ್ಲ. ಎರಡು, ಊರುಗಳ ನಡುವಿನ ರಸ್ತೆ. ಹಾನಗಲ್–ಅಕ್ಕಿಆಲೂರು ಕಡೆ ಇರಲಿ, ಹಿರೇಕೆರೂರು–ಹಂಸಭಾವಿ ಕಡೆ ಇರಲಿ, ಡಿವೈಡರ್ ಇಲ್ಲದ ರಸ್ತೆ ಎಷ್ಟೇ ನುಣ್ಣಗಿದ್ದರೂ ಕಾರಿಗೆ 70, ಪಿಕಪ್‌ಗೆ 60.

ದಂಡ ಎಷ್ಟು?

ಮೋಟಾರು ವಾಹನ ಕಾಯ್ದೆ 1988ರ ಕಲಂ 183 ವೇಗದ ತಪ್ಪಿಗೆ ಸಂಬಂಧಿಸಿದ್ದು. 2019ರ ತಿದ್ದುಪಡಿ ಆದ ಮೇಲೆ ಕಾರಿನಂಥ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡ ಇದೆ. ರಾಜ್ಯದಲ್ಲಿ ಸ್ಥಳದಲ್ಲೇ ಅಥವಾ ಇ-ಚಲನ್ ಮೂಲಕ ರಾಜಿ ಮಾಡಿಕೊಂಡು ಕಟ್ಟುವಾಗ ಲಘು ವಾಹನಕ್ಕೆ 1,000 ರೂಪಾಯಿ. ಎರಡನೇ ಸಲ ಸಿಕ್ಕಿಬಿದ್ದರೆ ಓಡಿಸಿದವನ ಲೈಸೆನ್ಸನ್ನೇ ವಶಕ್ಕೆ ಪಡೆಯೋ ಅವಕಾಶ ಕಾಯ್ದೆಯಲ್ಲಿದೆ. ಸಾವಿರ ರೂಪಾಯಿ ಮಾಲೀಕರಿಗೆ ದೊಡ್ಡದಲ್ಲದೇ ಇರಬಹುದು. ಲೈಸೆನ್ಸ್ ಹೋದರೆ ಡ್ರೈವರ್‌ಗೆ ಅನ್ನವೇ ಹೋದ ಹಾಗೆ.

ಇನ್ನೊಂದು ಗೆರೆ ಇದೆ, ಅದನ್ನ ದಾಟಲೇಬಾರದು. 2024ರ ಆಗಸ್ಟ್ 1ರಿಂದ ರಾಜ್ಯದ ಯಾವುದೇ ರಸ್ತೆಯಲ್ಲಿ 130 ಕಿ.ಮೀ. ಮೀರಿ ಓಡಿಸಿದರೆ ಎಫ್‌ಐಆರ್ ದಾಖಲಿಸುವ ಕ್ರಮ ಜಾರಿಗೆ ಬಂದಿದೆ. ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 281ರ ಅಜಾಗರೂಕ ಚಾಲನೆ ಕೇಸ್. ಅದಕ್ಕೆ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಮೊಬೈಲಲ್ಲಿ ದುಡ್ಡು ಕಟ್ಟಿ ಮುಗಿಸೋ ವಿಷಯ ಅದಲ್ಲ. ಮೈಸೂರಿಗೋ ಬೆಂಗಳೂರಿಗೋ ಮಾಲು ತರೋಕೆ, ಮೀಟಿಂಗಿಗೆ ಕಾರು ಕಳಿಸೋರು ಇದನ್ನ ಹುಡುಗರಿಗೆ ಮೊದಲೇ ಹೇಳಿ ಕಳಿಸಬೇಕು.

ಹಾಗಾದ್ರೆ ಕಟ್ಟೋರು ಯಾರು?

ತಪ್ಪು ಓಡಿಸಿದವನದು. ಚಲನ್ ಬರೋದು ಮಾಲೀಕರ ಹೆಸರಿಗೆ. ಇವೆರಡರ ನಡುವೆ ಕಾಯ್ದೆಯ ಮೂರು ಕಲಂ ನಿಲ್ಲುತ್ತವೆ.

ಮೊದಲನೆಯದು ಕಲಂ 133. ಅಧಿಕಾರ ಇರೋ ಪೊಲೀಸ್ ಅಧಿಕಾರಿ ಕೇಳಿದಾಗ, ಆ ಹೊತ್ತಲ್ಲಿ ಗಾಡಿ ಓಡಿಸಿದ್ದು ಯಾರು, ಅವರ ವಿಳಾಸ ಏನು, ಲೈಸೆನ್ಸ್ ಯಾವುದು ಅಂತ ಮಾಲೀಕರು ಹೇಳಲೇಬೇಕು. "ನಾಲ್ಕು ಜನ ಓಡಿಸ್ತಾರೆ, ಅವತ್ತು ಯಾರು ಅಂತ ನೆನಪಿಲ್ಲ" ಅಂದರೆ ಜವಾಬ್ದಾರಿ ಜಾರಿಸಿದ ಹಾಗೆ ಆಗುತ್ತೆ.

ಎರಡನೆಯದು ಕಲಂ 183ರ ಒಳಗೇ ಇದೆ. ಓಡಿಸಿದವನಿಗೆ ಮಾತ್ರ ಅಲ್ಲ, ತನ್ನ ಕೈಕೆಳಗಿನ ನೌಕರನಿಂದ ಮಿತಿ ಮೀರಿ ಓಡಿಸಿದವರಿಗೂ ಅದೇ ದಂಡ. "ಹನ್ನೊಂದಕ್ಕ ಮಾಲು ಮುಟ್ಟಬೇಕು, ಹೆಂಗರ ಮಾಡು" ಅಂತ ಫೋನಿನಲ್ಲಿ ಒತ್ತಡ ಹಾಕುವ ಮಾಲೀಕರು ಈ ಸಾಲನ್ನ ನೆನಪಿಡಬೇಕು.

ಮೂರನೆಯದು ಕಲಂ 199. ಗಾಡಿ ಕಂಪನಿ ಅಥವಾ ಪಾಲುದಾರಿಕೆ ಫರ್ಮ್ ಹೆಸರಲ್ಲಿದ್ದು ಆ ಸಂಸ್ಥೆಯ ಮೇಲೇ ತಪ್ಪು ಬಂದರೆ, ವ್ಯವಹಾರ ನೋಡಿಕೊಳ್ಳುವವರೂ ಹೊಣೆ. ತನಗೆ ಗೊತ್ತಿಲ್ಲದೆ ನಡೆಯಿತು, ತಡೆಯೋಕೆ ಬೇಕಾದ ಎಚ್ಚರಿಕೆ ತಗೊಂಡಿದ್ದೆ ಅಂತ ತೋರಿಸಿದರೆ ಬಿಡುಗಡೆ ಇದೆ. ತೋರಿಸೋದು ಬಾಯಿಮಾತಿನಿಂದ ಆಗಲ್ಲ, ಕಾಗದ ಬೇಕು.

ಆ ಕಾಗದ ಅಂದ್ರೆ ನೂರು ಪುಟದ ಒಂದು ನೋಟ್‌ಬುಕ್. ದಿನಾಂಕ, ಗಾಡಿ ನಂಬರ್, ಯಾರು ತಗೊಂಡು ಹೋದರು, ಎಷ್ಟೊತ್ತಿಗೆ, ಎಲ್ಲಿಗೆ, ಎಷ್ಟೊತ್ತಿಗೆ ವಾಪಸ್, ಸಹಿ. ದಿನಕ್ಕೆ ಒಂದು ಸಾಲು ಸಾಕು. ಉದ್ರಿ ಲೆಕ್ಕ ಬರೆಯೋ ಅಂಗಡಿಯಲ್ಲಿ ಗಾಡಿ ಲೆಕ್ಕ ಬರೆಯೋಕೆ ಏನೂ ತ್ರಾಸಿಲ್ಲ. ಚಲನ್ ಬಂದ ದಿನ ಜಗಳ ಬಿಡಿಸೋದು ಆ ಸಾಲೇ.

ಮೆಸೇಜ್ ಬಂದ ಕೂಡಲೇ ಹೀಗೆ ಮಾಡಿ

1. ಲಿಂಕ್ ಒತ್ತಬೇಡಿ. ಆರ್‌ಟಿಒ ಚಲನ್ ಅಂತ ವಾಟ್ಸಾಪ್‌ನಲ್ಲಿ ಬರೋ ಎಪಿಕೆ ಫೈಲ್ ಮೋಸದವರದು. ಇನ್‌ಸ್ಟಾಲ್ ಮಾಡಿದರೆ ಬ್ಯಾಂಕ್ ಖಾತೆ ಖಾಲಿ ಆಗಬಹುದು. ಸರ್ಕಾರದ ಜಾಲತಾಣ ಇಚಲನ್ ಡಾಟ್ ಪರಿವಾಹನ್ ಡಾಟ್ ಜಿಒವಿ ಡಾಟ್ ಇನ್. ವಿಳಾಸದ ಕೊನೆಗೆ ಜಿಒವಿ ಡಾಟ್ ಇನ್ ಇದೆಯಾ ನೋಡಿ, ನೀವೇ ಟೈಪ್ ಮಾಡಿ ಹೋಗಿ. ಆಗಲೇ ಲಿಂಕ್ ಒತ್ತಿ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

2. ಚಲನ್ ತೆಗೆದು ನೋಡಿ. ಗಾಡಿ ನಂಬರ್ ಜೊತೆ ಚಾಸಿ ಅಥವಾ ಇಂಜಿನ್ ನಂಬರಿನ ಕೊನೆಯ ಐದು ಅಂಕಿ ಕೇಳುತ್ತೆ. ಅದು ಆರ್‌ಸಿಯಲ್ಲಿರುತ್ತೆ. ದಿನ, ಸಮಯ, ಜಾಗ, ಫೋಟೋ, ದಾಖಲಾದ ವೇಗ ಎಲ್ಲ ಸರಿಯಾಗಿ ಓದಿ.

3. ನೋಟ್‌ಬುಕ್ ಜೊತೆ ತಾಳೆ ಹಾಕಿ. ಫೋಟೋದಲ್ಲಿರೋದು ನಿಮ್ಮದೇ ಗಾಡಿಯಾ? ಬಣ್ಣ, ಮಾಡೆಲ್, ಮೇಲಿನ ಕ್ಯಾರಿಯರ್ ಹೊಂದುತ್ತಾ? ಅವತ್ತು ಗಾಡಿ ಆ ಊರಿಗೆ ಹೋಗಿತ್ತಾ?

4. ಓಡಿಸಿದವನನ್ನ ಕರೆದು ತೋರಿಸಿ. ಅವನ ಮಾತು ಕೇಳಿದ ಮೇಲೇ ಮುಂದಿನ ತೀರ್ಮಾನ.

5. ತಪ್ಪು ಆಗಿದೆ ಅಂತ ಖಾತ್ರಿ ಆದರೆ ತಡ ಮಾಡದೆ ಕಟ್ಟಿ, ರಸೀದಿ ತೆಗೆದಿಟ್ಟುಕೊಳ್ಳಿ. ಜಾಲತಾಣದಲ್ಲಿ ಆಗದಿದ್ದರೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಕೇಳಿ.

ರಿಯಾಯಿತಿ ಬರಲಿ ಅಂತ ಕಾಯೋರೂ ಇದ್ದಾರೆ. ನಿಜ, ಬಾಕಿ ಇ-ಚಲನ್‌ಗೆ ರಾಜ್ಯ ಸರ್ಕಾರ 2023ರ ಫೆಬ್ರವರಿಯಲ್ಲೂ, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಶೇ. 50 ರಿಯಾಯಿತಿ ಕೊಟ್ಟಿತ್ತು. ಆದರೆ ಅದು ಪ್ರತಿ ವರ್ಷದ ಹಕ್ಕಲ್ಲ. ಕಾಯ್ತಾ ಕೂತರೆ ಒಂದಕ್ಕೆ ನಾಲ್ಕು ಸೇರಿಕೊಂಡು, ಗಾಡಿ ಮಾರೋ ದಿನ ಅಡ್ಡ ಬರುತ್ತೆ.

ಚಲನ್ ತಪ್ಪಾಗಿದ್ದರೆ

ಬೇರೆ ಗಾಡಿಯ ತಪ್ಪು ನಿಮ್ಮ ನಂಬರಿಗೆ ಬಂದಿದ್ದರೆ, ಸರಕು ಗಾಡಿಯ ಮಿತಿ ಹಿಡಿದು ಕಾರಿಗೆ ದಂಡ ಹಾಕಿದ್ದರೆ ಸುಮ್ಮನೆ ಕಟ್ಟಬೇಡಿ. ಕಟ್ಟಿದರೆ ತಪ್ಪು ಒಪ್ಪಿದ ಹಾಗೆ. ಚಲನ್ ಹಾಕಿದ ಠಾಣೆ ಅಥವಾ ಸಂಚಾರ ವಿಭಾಗಕ್ಕೆ ಬರಹದಲ್ಲಿ ದೂರು ಕೊಡಿ. ಆರ್‌ಸಿ ನಕಲು, ನಿಮ್ಮ ಗಾಡಿಯ ಫೋಟೋ, ಅವತ್ತು ಗಾಡಿ ಬೇರೆ ಕಡೆ ಇತ್ತು ಅನ್ನೋದಕ್ಕೆ ಟೋಲ್ ಫಾಸ್ಟ್ಯಾಗ್ ವಿವರ, ಡೆಲಿವರಿ ಬಿಲ್ ಜೋಡಿಸಿ. ದೂರಿನ ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ನಿಯಮ ನಿಮ್ಮ ಪರವಾಗೂ ಇದೆ. 2021ರ ಆಗಸ್ಟ್‌ನಲ್ಲಿ ಸೇರಿಸಿದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ವೇಗ ಅಳೆಯೋ ಉಪಕರಣಕ್ಕೆ ಪ್ರಮಾಣಪತ್ರ ಇರಬೇಕು, ಅದನ್ನ ವರ್ಷಕ್ಕೊಮ್ಮೆ ನವೀಕರಿಸಬೇಕು. ಕ್ಯಾಮೆರಾ ಇದೆ ಅಂತ ರಸ್ತೆಯಲ್ಲಿ ಬೋರ್ಡ್ ಇರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ದೂರಿನಲ್ಲಿ ಈ ಅಂಶ ಕೇಳೋಕೆ ನಿಮಗೆ ಹಕ್ಕಿದೆ. ಅಲ್ಲೂ ಬಗೆಹರಿಯದಿದ್ದರೆ ಕೋರ್ಟ್ ಇದೆ. ವಕೀಲರ ಖರ್ಚು ಭಾರ ಅನಿಸಿದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು.

ಮಾರಿದ ಗಾಡಿಯ ದಂಡವೂ ಹಳೇ ಮಾಲೀಕರಿಗೆ ಬರೋದುಂಟು. ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟು ಕೈ ತೊಳೆದುಕೊಂಡರೆ ಆಗಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗೋವರೆಗೂ ದಾಖಲೆಯಲ್ಲಿ ಮಾಲೀಕರು ನೀವೇ. ಹಾವೇರಿ ಆರ್‌ಟಿಒದಲ್ಲಿ ವರ್ಗಾವಣೆ ಮುಗಿಸಿಯೇ ಕೀಲಿ ಕೊಡೋದು ಒಳ್ಳೇದು.

ಬೀಜದ ಕಂಪನಿ, ಔಷಧ ಕಂಪನಿ, ಫೈನಾನ್ಸ್ ಕಾರು ಓಡಿಸುವ ನಮ್ಮ ಹುಡುಗರಿಗೆ ಇನ್ನೊಂದು ತೊಂದರೆ. ಆರ್‌ಸಿ ಬೆಂಗಳೂರಿನದೋ ಹೈದರಾಬಾದಿನದೋ ಇರುತ್ತೆ. ಮೆಸೇಜ್ ಹೆಡ್ ಆಫೀಸಿಗೆ ಹೋಗಿ, ಅಲ್ಲಿಂದ ಮೇಲ್ ಆಗಿ, ನಿಮ್ಮ ಕೈಗೆ ಬರೋ ಹೊತ್ತಿಗೆ ತಿಂಗಳು ಕಳೆದಿರುತ್ತೆ. ಹಾಗಾಗಿ ತಿಂಗಳಿಗೊಮ್ಮೆ ಕಾರಿನ ನಂಬರ್ ಹಾಕಿ ನೀವೇ ನೋಡಿಕೊಳ್ಳಿ. ಸ್ವಂತ ಗಾಡಿಯವರು ಆರ್‌ಸಿಯಲ್ಲಿ ಹಳೇ ಮೊಬೈಲ್ ನಂಬರ್ ಇದ್ದರೆ ಬದಲಾಯಿಸಿ.

ಸಂಬಳದಲ್ಲಿ ಹಿಡಿಯಬಹುದಾ?

ಬಹಳ ಅಂಗಡಿಯಲ್ಲಿ ನಡೆಯೋದು ಇದೇ. ತಿಂಗಳ ಕೊನೆಗೆ ಕೇಳದೆ ಸಾವಿರ ಕಡಿಮೆ ಕೊಡೋದು. ವೇತನ ಸಂಹಿತೆ 2019, ಕಳೆದ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮನಸ್ಸಿಗೆ ಬಂದ ಹಾಗೆ ಕಡಿತ ಮಾಡೋ ಹಾಗಿಲ್ಲ. ಮಾಲೀಕರು ನೌಕರನಿಗೆ ದಂಡ ಹಾಕಬೇಕಾದರೆ ಮೊದಲು ಅವನ ವಿವರಣೆ ಕೇಳಬೇಕು. ಆ ದಂಡ ಆ ಅವಧಿಯ ಸಂಬಳದ ಶೇ. 3 ಮೀರಬಾರದು. ಅಂದರೆ 15,000 ಸಂಬಳದವನಿಗೆ 450 ರೂಪಾಯಿ.

ಇದಕ್ಕೆ ಸರಳ ದಾರಿ, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಒಂದು ಹಾಳೆಯಲ್ಲಿ ಮಾತು ಬರೆದಿಡೋದು. ಅವಸರ ಮಾಡಿದ್ದು ಅಂಗಡಿಯಾದರೆ ದಂಡ ಅಂಗಡಿಯದು. ಸ್ವಂತ ಕೆಲಸಕ್ಕೆ ಹೋಗಿ, ಇಲ್ಲಾ ಹುಮ್ಮಸ್ಸಿಗೆ ಓಡಿಸಿ ಸಿಕ್ಕಿಬಿದ್ದರೆ ಅವನೇ ಚಲನ್ ಕಟ್ಟಬೇಕು. ಇಬ್ಬರೂ ಸಹಿ ಹಾಕಿದರೆ ಮುಂದೆ ಮಾತಿಗೆ ಮಾತು ಬೆಳೆಯಲ್ಲ.

ಅಂಗಡಿ ಕಟ್ಟಿದ ದಂಡವನ್ನ ವ್ಯಾಪಾರದ ಖರ್ಚು ಅಂತ ತೋರಿಸಿ ಆದಾಯ ತೆರಿಗೆ ಉಳಿಸೋಕೂ ಬರಲ್ಲ. ಕಾನೂನು ಮುರಿದದ್ದಕ್ಕೆ ಕಟ್ಟಿದ ದಂಡ ಖರ್ಚಿನ ಲೆಕ್ಕಕ್ಕೆ ಸೇರಲ್ಲ. ಲೆಕ್ಕ ಬರೆಯೋರಿಗೆ ಬೇರೆ ತೋರಿಸಿ ಅಂತ ಹೇಳಿ.

ಬದಲಿ ಹೆಸರು ಕೊಡಬೇಡಿ

ಓಡಿಸಿದ ಹುಡುಗನಿಗೆ ಲೈಸೆನ್ಸ್ ಇಲ್ಲ, ಅಥವಾ ಎರಡನೇ ಸಲ ಸಿಕ್ಕಿದ್ದಾನೆ. ಆಗ ಲೈಸೆನ್ಸ್ ಇರೋ ಇನ್ನೊಬ್ಬನ ಹೆಸರು ಬರೆಸೋ ಯೋಚನೆ ಬರುತ್ತೆ. ಇದು ಸಾವಿರ ರೂಪಾಯಿ ತಪ್ಪನ್ನ ಸುಳ್ಳು ಮಾಹಿತಿಯ ಕೇಸ್ ಮಾಡೋ ಕೆಲಸ. ಕ್ಯಾಮೆರಾ ಫೋಟೋದಲ್ಲಿ ಮುಖ ಕಾಣಬಹುದು, ಫೋನ್ ಇದ್ದ ಜಾಗವೂ ಸಾಕ್ಷಿ ಆಗಬಹುದು. ಅಪಘಾತವೂ ಆಗಿದ್ದರೆ ವಿಮೆ ಕಂಪನಿ ಮೊದಲು ಕೇಳೋದೇ ಓಡಿಸಿದ್ದು ಯಾರು ಅಂತ.

ಆರು ನಿಮಿಷದ ಲೆಕ್ಕ

ನಲವತ್ತು ಕಿಲೋಮೀಟರ್ ದಾರಿಯನ್ನ 80ರಲ್ಲಿ ಹೋದರೆ 30 ನಿಮಿಷ. 100ರಲ್ಲಿ ಹೋದರೆ 24 ನಿಮಿಷ. ಉಳಿಯೋದು ಆರು ನಿಮಿಷ, ಒಂದು ಚಾ ಕುಡಿಯೋ ಹೊತ್ತು. ಆದರೆ 100ರಲ್ಲಿ ಹೋಗೋ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗಿರುತ್ತೆ. ಟ್ರ್ಯಾಕ್ಟರ್ ಅಡ್ಡ ಬಂತು ಅಂತ ಬ್ರೇಕ್ ಮೇಲೆ ಕಾಲಿಡೋ ಮುಂಚೆಯೇ ಅಷ್ಟು ದೂರ ದಾಟಿರುತ್ತೆ.

2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೊತ್ತು ಹೊರಟಿದ್ದ ಲಾರಿ ಯಲ್ಲಾಪುರದ ಹತ್ತಿರ ಕಂದಕಕ್ಕೆ ಉರುಳಿ, ನಮ್ಮ ವ್ಯಾಪಾರಿಗಳು ಹತ್ತು ಮಂದಿ ಜೀವ ಕಳೆದುಕೊಂಡಿದ್ದನ್ನ ಸವಣೂರು ಮರೆತಿಲ್ಲ. ಆ ದುರಂತದ ಕಾರಣ ಬೇರೆಯೇ ಇರಬಹುದು. ಆದರೆ ವ್ಯಾಪಾರಕ್ಕೆ ಅಂತ ಮನೆಯಿಂದ ಹೊರಟ ಗಾಡಿಯಲ್ಲಿ ಎಷ್ಟು ಮನೆಗಳ ದೀಪ ಇರುತ್ತೆ ಅನ್ನೋದನ್ನ ಅದು ತೋರಿಸಿಕೊಟ್ಟಿದೆ.

ಆದ್ದರಿಂದ ಚಲನ್ ಬಂದಾಗ ಮಾಲೀಕರು ಯಾರು ಕಟ್ಟಬೇಕು ಅಂತ ಕೇಳೋ ಜೊತೆಗೆ, ಅವನಿಗೆ ಅಷ್ಟು ಅವಸರ ಯಾಕಿತ್ತು ಅಂತಲೂ ಒಂದು ಸಲ ಕೇಳಲಿ. ಗಾಡಿ ಅರ್ಧ ಗಂಟೆ ಮೊದಲು ಬಿಟ್ಟರೆ ಮುಗಿಯೋ ವಿಷಯವಾಗಿದ್ದರೆ, ನಾಳೆಯಿಂದ ಮೊದಲೇ ಬಿಡಿ.