ತಲೆದೆಸೆಯ ಗಡಿಯಾರ-ರೇಡಿಯೊದಿಂದ ಅಪಾಯವಿದೆಯೇ? ವಿಕಿರಣಕ್ಕಿಂತ ತಪ್ಪು ಸಮಯಕ್ಕೆ ಹೆದರಿ

ಇಂದು ರಾತ್ರಿ 12:30ರಿಂದ 3:30ರವರೆಗೆ ಭೂಮಿಯ ಹತ್ತಿರ ಕಾಸ್ಮಿಕ್ ಕಿರಣಗಳು ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಟ್ಟು ಮಲಗಿ, ನಾಸಾ ಮತ್ತು ಬಿಬಿಸಿಯೇ ಇದನ್ನು ಹೇಳಿವೆ ಎಂಬ ಅರ್ಥದ ಸಂದೇಶ ನಿಮ್ಮ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು. ವರ್ಷಗಳಿಂದ ಬೇರೆ ಬೇರೆ ಭಾಷೆಗಳಲ್ಲಿ ಇದು ಸುತ್ತುತ್ತಲೇ ಇದೆ. ಓದಿದವರಿಗೆ ಮುಂದಿನ ಅನುಮಾನ ಸಹಜ: ಮೊಬೈಲ್ ದೂರ ಇಡಬೇಕಾದರೆ, ದಿಂಬಿನ ಪಕ್ಕದಲ್ಲಿ ರಾತ್ರಿಯಿಡೀ ಕೆಂಪು ಅಂಕಿ ಉರಿಸುವ ಡಿಜಿಟಲ್ ಗಡಿಯಾರ-ರೇಡಿಯೊ ಕಥೆಯೇನು?

ಚಿಕ್ಕ ಉತ್ತರ: ಅದನ್ನು ಹೊರಗೆ ಇಡಬೇಕಿಲ್ಲ. ಆದರೆ ಅದರಲ್ಲಿ ಸಮಯ ಸರಿಯಾಗಿದೆಯೇ ಎಂದು ನೋಡಲೇಬೇಕು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಅಲಾರಂ ಇಡುವುದು ಸುಮ್ಮನೆ ಅಲ್ಲ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಬಂದಾಗ ಎದ್ದು ಹೊಲಕ್ಕೆ ನೀರು ಹಾಯಿಸಬೇಕು, ಬೆಳಗಿನ ಮೊದಲ ಬಸ್ಸು ಹಿಡಿಯಬೇಕು, ಮನೆಯ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡಬೇಕು. ಗಡಿಯಾರ ತಪ್ಪಿದರೆ ಇವೆಲ್ಲವೂ ತಪ್ಪುತ್ತವೆ.

ಸಂದೇಶದಲ್ಲಿ ಹೇಳಿದ್ದು ನಿಜವೇ?

ಕಾಸ್ಮಿಕ್ ಕಿರಣಗಳು ಇರುವುದು ನಿಜ. 1912ರಲ್ಲಿ ವಿಕ್ಟರ್ ಹೆಸ್ ಎಂಬ ವಿಜ್ಞಾನಿ ಬಲೂನಿನಲ್ಲಿ ಮೇಲೇರಿ ಅವುಗಳನ್ನು ಪತ್ತೆ ಮಾಡಿದರು. ಆದರೆ ಅವು ಒಂದು ರಾತ್ರಿ ಬಂದು ಹೋಗುವಂಥವಲ್ಲ. ಹಗಲು-ರಾತ್ರಿ ಎನ್ನದೆ ಭೂಮಿಯ ಮೇಲೆ ಸದಾ ಬೀಳುತ್ತಲೇ ಇರುತ್ತವೆ. ನಮ್ಮ ತಲೆಯ ಮೇಲಿನ ವಾತಾವರಣ ಸುಮಾರು 10 ಮೀಟರ್ ನೀರಿನಷ್ಟು ದಪ್ಪದ ಕವಚದಂತೆ ಅವನ್ನು ತಡೆಯುತ್ತದೆ. ನಿಸರ್ಗದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು ವಿಕಿರಣ ತಗಲುತ್ತದೆ. ಅದರಲ್ಲಿ ಕಾಸ್ಮಿಕ್ ಕಿರಣಗಳ ಪಾಲು ಸುಮಾರು 0.4 ಮಾತ್ರ. ಉಳಿದದ್ದು ಮಣ್ಣು, ಕಲ್ಲು, ಗಾಳಿ ಮತ್ತು ಆಹಾರದಿಂದ ಬರುವಂಥದ್ದು.

ಮೊಬೈಲ್ ಆಗಲಿ ಗಡಿಯಾರವಾಗಲಿ ಈ ಕಿರಣಗಳನ್ನು ಸೆಳೆಯುವುದಿಲ್ಲ. ಆಫ್ ಮಾಡಿದರೂ ಆನ್ ಇಟ್ಟರೂ ಬೀಳುವಷ್ಟು ಬಿದ್ದೇ ಬೀಳುತ್ತವೆ. ಸಂದೇಶದ ಸುಳ್ಳು ಹಿಡಿಯಲು ಇನ್ನೊಂದು ಸುಲಭ ದಾರಿಯಿದೆ. ಅದರಲ್ಲಿ "ಇಂದು ರಾತ್ರಿ" ಎಂದಿರುತ್ತದೆ, ತಾರೀಖು ಇರುವುದಿಲ್ಲ. ಹಾಗಾಗಿ ಯಾವ ವರ್ಷ ಓದಿದರೂ ಅದು ಇಂದಿನದೇ!

ಇದರಿಂದ ತೊಂದರೆ ಆಗುವುದು ಬೇರೆ ಕಡೆ. ನಡುರಾತ್ರಿ ಹೊಲದಲ್ಲಿ ಹಾವು ಕಚ್ಚಿದರೆ, ಎದೆನೋವು ಬಂದರೆ, ಹೆರಿಗೆ ನೋವು ಶುರುವಾದರೆ 108ಕ್ಕೋ 112ಕ್ಕೋ ಕರೆ ಮಾಡಲು ಮನೆಯಲ್ಲಿ ಒಂದು ಫೋನಾದರೂ ಚಾಲೂ ಇರಬೇಕು.

ಗಡಿಯಾರ-ರೇಡಿಯೊ ವಿಕಿರಣ ಬಿಡುತ್ತದೆಯೇ?

ಸಾಮಾನ್ಯ ರೇಡಿಯೊ ಪ್ರಸಾರ ಮಾಡುವ ಯಂತ್ರವಲ್ಲ, ಪ್ರಸಾರವನ್ನು ಹಿಡಿಯುವ ಯಂತ್ರ. ಧಾರವಾಡ ಆಕಾಶವಾಣಿಯ ಅಲೆಗಳು ನಿಮ್ಮ ಕೋಣೆಯಲ್ಲಿ ಈಗಲೂ ಹಾಯುತ್ತಿವೆ, ರೇಡಿಯೊ ಇದ್ದರೂ ಇಲ್ಲದಿದ್ದರೂ. ಅದನ್ನು ಹೊರಗಿಟ್ಟ ಮಾತ್ರಕ್ಕೆ ಅಲೆ ಕಡಿಮೆಯಾಗುವುದಿಲ್ಲ, ಹಾಡು ಮಾತ್ರ ನಿಲ್ಲುತ್ತದೆ. ಈ ಅಲೆಗಳಿಗೆ ಎಕ್ಸ್-ರೇಯಂತೆ ಜೀವಕೋಶದ ಅಣುಗಳನ್ನು ಒಡೆಯುವ ಶಕ್ತಿಯೂ ಇಲ್ಲ. ಬ್ಲೂಟೂತ್ ಇರುವ ಹೊಸ ಸೆಟ್‌ಗಳು ಅಲೆ ಬಿಡುತ್ತವೆ, ಆದರೆ ಬಹಳ ದುರ್ಬಲವಾಗಿ.

ಕರೆಂಟಿನಲ್ಲಿ ಓಡುವ ಯಾವುದೇ ಸಾಧನದಂತೆ ಇದರ ಟ್ರಾನ್ಸ್‌ಫಾರ್ಮರ್ ಸುತ್ತಲೂ ಸಣ್ಣ ಕಾಂತಕ್ಷೇತ್ರ ಇರುತ್ತದೆ. ಸಾರ್ವಜನಿಕರಿಗೆ 50 ಹರ್ಟ್ಜ್ ಕಾಂತಕ್ಷೇತ್ರದ ಅಂತರರಾಷ್ಟ್ರೀಯ ಮಿತಿ 200 ಮೈಕ್ರೊಟೆಸ್ಲಾ. ಮನೆಯ ಗಡಿಯಾರ-ರೇಡಿಯೊ ಅದರ ಹತ್ತಿರಕ್ಕೂ ಬರುವುದಿಲ್ಲ. ಇಂಥ ಕಾಂತಕ್ಷೇತ್ರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2002ರಲ್ಲಿ "ಸಾಧ್ಯತೆ ಇರಬಹುದು" ಎಂಬ 2ಬಿ ಗುಂಪಿಗೆ ಸೇರಿಸಿದ್ದೂ ನಿಜ. ಫಾರ್ವರ್ಡ್‌ಗಳಲ್ಲಿ ಈ ಒಂದು ಸಾಲೇ ದೊಡ್ಡದಾಗುತ್ತದೆ. ಮಕ್ಕಳ ರಕ್ತದ ಕ್ಯಾನ್ಸರ್ ಕುರಿತ ಕೆಲವು ಅಧ್ಯಯನಗಳಲ್ಲಿ ಸಿಕ್ಕ ಸೀಮಿತ ಪುರಾವೆ ಅದಕ್ಕೆ ಕಾರಣ. ಕಾಂತಕ್ಷೇತ್ರವೇ ಕ್ಯಾನ್ಸರ್ ತರುತ್ತದೆ ಎಂದು ಅದರಿಂದ ಸಾಬೀತಾಗಿಲ್ಲ. ಆದರೂ ಮನಸ್ಸಿಗೆ ಸಮಾಧಾನ ಬೇಕೆಂದರೆ ದಾರಿ ಸುಲಭ. ದೂರ ಹೆಚ್ಚಿದಂತೆ ಈ ಕ್ಷೇತ್ರ ಬೇಗ ಕುಗ್ಗುತ್ತದೆ. ದಿಂಬಿಗೆ ತಾಗಿಸದೆ ಎರಡು ಮೊಳ ದೂರದ ಸ್ಟೂಲ್ ಮೇಲೆ ಇಡಿ.

ನಿದ್ದೆ ಕೆಡಿಸುವುದು ಬೆಳಕು

ಕಣ್ಣಿನ ಹಿಂಪರದೆಯಲ್ಲಿ ಹಗಲೋ ರಾತ್ರಿಯೋ ಎಂದು ಮೆದುಳಿಗೆ ತಿಳಿಸುವ ಕೆಲವು ಕೋಶಗಳಿವೆ. ನೀಲಿ ಬೆಳಕು ಬಿದ್ದರೆ ಅವು ಹೆಚ್ಚು ಚುರುಕಾಗುತ್ತವೆ, ಆಗ ನಿದ್ದೆಗೆ ಸಜ್ಜುಗೊಳಿಸುವ ಮೆಲಟೋನಿನ್ ಹಾರ್ಮೋನ್ ಕಡಿಮೆಯಾಗುತ್ತದೆ. ಕೆಂಪು ಬೆಳಕಿನಿಂದ ಈ ಪರಿಣಾಮ ತೀರಾ ಕಡಿಮೆ. ಹೊಸದಾಗಿ ಕೊಳ್ಳುವವರು ನೀಲಿ, ಬಿಳಿ ಅಂಕಿಗಳ ಬದಲು ಕೆಂಪು ಅಂಕಿಯದ್ದನ್ನು ಆರಿಸಬಹುದು. ಈಗಾಗಲೇ ಇರುವುದಕ್ಕೆ "ಡಿಮ್ಮರ್" ಬಟನ್ ಇದ್ದರೆ ರಾತ್ರಿ ಬೆಳಕು ತಗ್ಗಿಸಿ.

ನಿದ್ದೆ ಬಾರದೆ ಹೊರಳಾಡುವವರಿಗೆ ಇನ್ನೊಂದು ಮಾತು. ಮತ್ತೆ ಮತ್ತೆ ಸಮಯ ನೋಡಿ "ಇನ್ನು ಮೂರೇ ತಾಸು ಉಳಿದಿದೆ" ಎಂದು ಲೆಕ್ಕ ಹಾಕಿದರೆ ಚಿಂತೆ ಬೆಳೆಯುತ್ತದೆ. ಗಡಿಯಾರದ ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿ. ಅಲಾರಂ ಹೇಗೂ ಕೇಳಿಸುತ್ತದೆ.

12:00 ಮಿನುಗುತ್ತಿದ್ದರೆ ಏನರ್ಥ?

ಸೆಟ್ ಕೆಟ್ಟಿದೆ ಎಂದಲ್ಲ. ಕರೆಂಟ್ ಹೋಗಿ ಬಂದಿದೆ, ಗಡಿಯಾರಕ್ಕೆ ಸಮಯ ಮರೆತುಹೋಗಿದೆ ಎಂದರ್ಥ. ಹಲವು ಸೆಟ್‌ಗಳು ಕರೆಂಟ್ ಬಂದ ಕ್ಷಣದಿಂದ 12:00 ಎಂದು ಹೊಸದಾಗಿ ಎಣಿಸತೊಡಗುತ್ತವೆ. ಅಂಥದ್ದರಲ್ಲಿ 2:15 ಮಿನುಗುತ್ತಿದ್ದರೆ ಕರೆಂಟ್ ಬಂದು ಎರಡೂಕಾಲು ತಾಸು ಆಗಿದೆ ಎಂದು ತಿಳಿಯಬಹುದು.

ಇದನ್ನು ತಪ್ಪಿಸಲೆಂದೇ ಸೆಟ್‌ನ ಅಡಿಯಲ್ಲಿ ಸೆಲ್ ಹಾಕುವ ಚಿಕ್ಕ ಜಾಗವಿರುತ್ತದೆ. ಕೆಲವಕ್ಕೆ 9 ವೋಲ್ಟಿನ ಚೌಕನೆಯ ಸೆಲ್, ಕೆಲವಕ್ಕೆ ಪೆನ್ಸಿಲ್ ಸೆಲ್, ಇನ್ನು ಕೆಲವಕ್ಕೆ ನಾಣ್ಯದಂಥ ಗುಂಡು ಸೆಲ್ ಬೇಕು. ಬಹಳ ಸೆಟ್‌ಗಳಲ್ಲಿ ಈ ಸೆಲ್ ಸಮಯ ಮತ್ತು ಅಲಾರಂ ನೆನಪಿಡಲು ಮಾತ್ರ. ಕರೆಂಟ್ ಇಲ್ಲದಾಗ ಅಂಕಿ ಕಾಣುವುದಿಲ್ಲ, ರೇಡಿಯೊ ಹಾಡುವುದಿಲ್ಲ. ಅಲಾರಂ ಹೊಡೆಯುತ್ತದೆಯೇ ಎಂಬುದು ಒಂದೊಂದು ಸೆಟ್‌ಗೆ ಒಂದೊಂದು ರೀತಿ. ಅದನ್ನು ನೀವೇ ಪರೀಕ್ಷಿಸಬಹುದು. ಎರಡು ನಿಮಿಷ ಮುಂದಕ್ಕೆ ಅಲಾರಂ ಇಟ್ಟು, ಪ್ಲಗ್ ಕಿತ್ತು ಕಾಯಿರಿ. ಹೊಡೆಯದಿದ್ದರೆ ಮುಖ್ಯವಾದ ದಿನ ಮೊಬೈಲ್‌ನಲ್ಲೂ ಅಲಾರಂ ಇಡಿ. ವರ್ಷಗಟ್ಟಲೆ ಒಳಗೇ ಉಳಿದ ಸೆಲ್ ಸೋರಿ ತುಕ್ಕು ಹಿಡಿಸುತ್ತದೆ, ಆದ್ದರಿಂದ ಆಗಾಗ ತೆರೆದು ನೋಡಿ. ಗುಂಡು ಸೆಲ್ ನುಂಗಿದರೆ ಮಕ್ಕಳ ಜೀವಕ್ಕೇ ಅಪಾಯ, ಅವರ ಕೈಗೆ ಸಿಗದಂತೆ ಇಡಿ.

ಒಂದೇ ಡಬ್ಬಿಯಲ್ಲಿ ಎರಡು "ಎಎಂ"

ಗಡಿಯಾರ-ರೇಡಿಯೊದಲ್ಲಿ ಎಎಂ ಎಂಬ ಅಕ್ಷರ ಎರಡು ಕಡೆ ಬರುತ್ತದೆ. ಬ್ಯಾಂಡ್ ಬದಲಿಸುವ ಬಟನ್ ಬಳಿ ಇರುವ ಎಎಂ ಎಂದರೆ ಮೀಡಿಯಂ ವೇವ್ ರೇಡಿಯೊ. ಸಮಯದ ಪಕ್ಕದ ಎಎಂ ಎಂದರೆ ನಡುರಾತ್ರಿಯಿಂದ ನಡುಮಧ್ಯಾಹ್ನದವರೆಗಿನ ಹೊತ್ತು. ಎರಡಕ್ಕೂ ಸಂಬಂಧವಿಲ್ಲ.

ಅಲಾರಂ ತಪ್ಪಲು ದೊಡ್ಡ ಕಾರಣ ಈ ಎರಡನೆಯ ಎಎಂ. ಹಲವು ಸೆಟ್‌ಗಳಲ್ಲಿ ಅಂಕಿಯ ಎಡಕ್ಕೆ ಒಂದು ಸಣ್ಣ ಚುಕ್ಕೆ ಮಾತ್ರ ಇರುತ್ತದೆ, ಅದು ಉರಿದರೆ ಪಿಎಂ. ಚುಕ್ಕೆ ಗಮನಿಸದೆ ಇಟ್ಟ 5:30ರ ಅಲಾರಂ ಬೆಳಿಗ್ಗೆ ಸುಮ್ಮನಿದ್ದು ಸಂಜೆ ಹೊಡೆಯುತ್ತದೆ. ನಡುರಾತ್ರಿ 12 ಗಂಟೆ ಎಂದರೆ 12:00 ಎಎಂ, ಮಧ್ಯಾಹ್ನ 12 ಗಂಟೆ ಎಂದರೆ 12:00 ಪಿಎಂ. ರಾತ್ರಿ 12:30ಕ್ಕೆ ಎದ್ದು ಪಂಪ್‌ಸೆಟ್ ಚಾಲೂ ಮಾಡಬೇಕಾದವರು ಎಎಂ ಎಂದೇ ಇಡಬೇಕು. 24 ಗಂಟೆಯ ಲೆಕ್ಕಕ್ಕೆ ಬದಲಿಸುವ ಸೌಲಭ್ಯವಿದ್ದರೆ ಈ ಗೊಂದಲವೇ ಇಲ್ಲ. ಅಣ್ಣಿಗೇರಿ, ಕುಂದಗೋಳ ಸ್ಟೇಷನ್ನಿನಲ್ಲಿ ರೈಲು ಹತ್ತುವವರಿಗೆ ಆ ಲೆಕ್ಕ ಪರಿಚಿತವೇ.

ಇನ್ನೆರಡು ಬಟನ್‌ಗಳು ಜನರನ್ನು ಮೋಸಗೊಳಿಸುತ್ತವೆ. "ಸ್ನೂಜ್" ಒತ್ತಿದರೆ ಅಲಾರಂ ಕೆಲವು ನಿಮಿಷ, ಸಾಮಾನ್ಯವಾಗಿ 9 ನಿಮಿಷ, ಸುಮ್ಮನಾಗಿ ಮತ್ತೆ ಹೊಡೆಯುತ್ತದೆ. "ಸ್ಲೀಪ್" ಎಂಬುದು ನೀವು ಮಲಗಿದ ಮೇಲೆ ರೇಡಿಯೊ ತಾನಾಗಿಯೇ ಬಂದ್ ಆಗಲು ಇರುವ ಬಟನ್.

ವಿದೇಶದಿಂದ ತಂದ ಸೆಟ್ ಇದ್ದರೆ

ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಸೆಟ್ ಆಗಿದ್ದರೆ ಪ್ಲಗ್ ಹಾಕುವ ಮೊದಲು ಅಡಿಯ ಚೀಟಿ ಓದಿ. 100-240 ವೋಲ್ಟ್, 50/60 ಹರ್ಟ್ಜ್ ಎಂದಿದ್ದರೆ ಚಿಂತೆಯಿಲ್ಲ. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ.

ಕನ್ವರ್ಟರ್ ಹಾಕಿ ವೋಲ್ಟೇಜ್ ಇಳಿಸಿದರೂ ಒಂದು ತೊಡಕು ಉಳಿಯುತ್ತದೆ. ಕೆಲವು ಗಡಿಯಾರಗಳು ಒಳಗಿನ ಸ್ಫಟಿಕದ ಕಂಪನವನ್ನು ಎಣಿಸಿ ಸಮಯ ಹೇಳುತ್ತವೆ, ಕೆಲವು ಕರೆಂಟಿನ ಆವರ್ತವನ್ನೇ ಎಣಿಸುತ್ತವೆ. ಅಮೆರಿಕದ ಕರೆಂಟ್ ಸೆಕೆಂಡಿಗೆ 60 ಆವರ್ತ, ನಮ್ಮದು 50. ಅಲ್ಲಿಗಾಗಿ ಮಾಡಿದ, ಕರೆಂಟ್ ಎಣಿಸುವ ಗಡಿಯಾರ ಇಲ್ಲಿ ತಾಸಿಗೆ 10 ನಿಮಿಷ ಹಿಂದೆ ಬೀಳುತ್ತದೆ. ರಾತ್ರಿ 10ಕ್ಕೆ ಸಮಯ ಸರಿಮಾಡಿ ಬೆಳಿಗ್ಗೆ 5ಕ್ಕೆ ಅಲಾರಂ ಇಟ್ಟರೆ ಅದು ಹೊಡೆಯುವುದು 6:24ಕ್ಕೆ. ಅಷ್ಟು ಹೊತ್ತಿಗೆ ಮೊದಲ ಬಸ್ಸು ಹೋಗಿರುತ್ತದೆ. ಇಲ್ಲಿಯ ಕರೆಂಟಿಗೆಂದೇ ಮಾಡಿದ ಇಂಥ ಗಡಿಯಾರವೂ ತುಸು ತಪ್ಪಬಹುದು. ಆವರ್ತ ಇಡೀ ದಿನ 50ರ ಬದಲು 49.9 ಇದ್ದರೆ ದಿನಕ್ಕೆ ಸುಮಾರು 3 ನಿಮಿಷ ಹಿಂದೆ ಬೀಳುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಮೊಬೈಲ್ ಸಮಯಕ್ಕೆ ಹೊಂದಿಸಿ.

ರೇಡಿಯೊದಲ್ಲೂ ವ್ಯತ್ಯಾಸವಿದೆ. ಭಾರತದಲ್ಲಿ ಮೀಡಿಯಂ ವೇವ್ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಜ್, ಅಮೆರಿಕದಲ್ಲಿ 10. ಅಲ್ಲಿಯ ಡಿಜಿಟಲ್ ಸೆಟ್ 760ಕ್ಕೆ ನಿಲ್ಲುತ್ತದೆ, ಮುಂದೆ 770ಕ್ಕೆ ಹಾರುತ್ತದೆ. ಧಾರವಾಡ ಆಕಾಶವಾಣಿ ಇರುವುದು ನಟ್ಟನಡುವೆ, 765ರಲ್ಲಿ! ಎಫ್‌ಎಂನಲ್ಲೂ ಅಷ್ಟೇ, ಅಲ್ಲಿಯ ಹಲವು ಸೆಟ್ 90.3, 90.5 ಎಂದು ಬೆಸ ಅಂಕಿಗಳಲ್ಲೇ ನಿಲ್ಲುತ್ತವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ರೇಡಿಯೊ 90.4ರಲ್ಲಿದೆ. ಸೆಟ್‌ನ ಹಿಂದೆ ಅಥವಾ ಅಡಿಯಲ್ಲಿ 9/10 ಎಂಬ ಚಿಕ್ಕ ಸ್ವಿಚ್ ಇದೆಯೇ ನೋಡಿ. ಮೀಡಿಯಂ ವೇವ್‌ಗೆ ಅದನ್ನು 9ಕ್ಕೆ ಸರಿಸಿದರೆ ಸಾಕು.

ಧಾರವಾಡ ಕೇಂದ್ರ ಸ್ಪಷ್ಟವಾಗಿ ಕೇಳಲು

1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ ಅಲೆ ನೆಲದ ಮೈಗೆ ಅಂಟಿಕೊಂಡು ಬಹುದೂರ ಸಾಗುತ್ತದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರಗೆರೆಯಲ್ಲಿ ಹೋಗುತ್ತದೆ, ಜೊತೆಗೆ ಸಮುದಾಯ ರೇಡಿಯೊಗೆ ಸಿಗುವ ಶಕ್ತಿಯೂ ಕಡಿಮೆ. ಆದ್ದರಿಂದ ನವಲಗುಂದದಲ್ಲಿ 90.4 ಸಿಗಲಿಲ್ಲವೆಂದು ಸೆಟ್ ರಿಪೇರಿಗೆ ಕೊಡಬೇಡಿ.

ಮೀಡಿಯಂ ವೇವ್‌ನ ಆಂಟೆನಾ ಸೆಟ್‌ನ ಒಳಗೇ ಇರುತ್ತದೆ. ಸೆಟ್ ಅನ್ನೇ ನಿಧಾನವಾಗಿ ತಿರುಗಿಸಿ, ದನಿ ಚೆನ್ನಾಗಿ ಬಂದ ಕಡೆ ನಿಲ್ಲಿಸಿ. ಹಿಂದೆ ಜೋತುಬಿದ್ದ ತಂತಿ ಎಫ್‌ಎಂಗೆ, ಅದನ್ನು ಸುತ್ತಿಡದೆ ಉದ್ದಕ್ಕೆ ಬಿಡಿ. "ಗುಂಯ್" ಎಂಬ ಸದ್ದು ಬರುತ್ತಿದ್ದರೆ ಪಕ್ಕದ ಮೊಬೈಲ್ ಚಾರ್ಜರ್ ಅಥವಾ ಎಲ್‌ಇಡಿ ಬಲ್ಬ್ ಕಾರಣವಿರಬಹುದು, ಆಫ್ ಮಾಡಿ ನೋಡಿ. ಕೇಂದ್ರದ ಪ್ರಸಾರ ಇಲ್ಲದ ನಸುಕಿನಲ್ಲಿ ಏಳಬೇಕಾದರೆ ಅಲಾರಂ ಅನ್ನು "ರೇಡಿಯೊ" ಬದಲು "ಬಜರ್"ಗೆ ಇಡಿ, ಇಲ್ಲದಿದ್ದರೆ ಎಬ್ಬಿಸಲು ಬರುವುದು ಬರೀ ಸೊಂಯ್ ಶಬ್ದ.

ಇಷ್ಟನ್ನು ಮನೆಯ ಗ್ರೂಪಿಗೆ ಕಳಿಸಿ

- ಕಾಸ್ಮಿಕ್ ಕಿರಣದ ಸಂದೇಶ ಸುಳ್ಳು. ರಾತ್ರಿ ಮನೆಯಲ್ಲಿ ಒಂದು ಫೋನ್ ಚಾಲೂ ಇರಲಿ.
- ಗಡಿಯಾರ-ರೇಡಿಯೊ ಎರಡು ಮೊಳ ದೂರ, ಬೆಳಕು ಮಂದ, ಮುಖ ಗೋಡೆಗೆ.
- ಅಂಕಿ ಮಿನುಗುತ್ತಿದ್ದರೆ ಸಮಯ ತಪ್ಪಿದೆ. ಹೊಂದಿಸಿ, ಸೆಲ್ ನೋಡಿ.
- ಅಲಾರಂ ಇಡುವಾಗ ಎಎಂ, ಪಿಎಂ ಚುಕ್ಕೆ ಎರಡು ಸಲ ನೋಡಿ.
- ಮಲಗುವ ಮುನ್ನ ಮೊಬೈಲ್ ಸಮಯಕ್ಕೆ ಒಮ್ಮೆ ಹೋಲಿಸಿ.