ರಜೆ ಮುಗಿಯಿತು, ಗಡಿಯಾರ ಮರಳಿತೇ?



ವಿಜಯದಶಮಿಯ ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಮುಗಿದ ಮೇಲೆ ಮೈಸೂರಿನಲ್ಲಿ ಬೇಗ ಮಲಗುವವರು ಯಾರು? ಬೀದಿ ಬೀದಿಯ ದೀಪಾಲಂಕಾರ, ಅರಮನೆಯ ಮುಂದಿನ ಸಂಗೀತ, ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ, ಊರುಗಳಿಂದ ಬಂದಿಳಿದ ನೆಂಟರಿಷ್ಟರು. ಇವೆಲ್ಲದರ ನಡುವೆ ರಾತ್ರಿ ಒಂದೂವರೆಗೆ ಮಲಗುವುದು, ಬೆಳಿಗ್ಗೆ ಒಂಬತ್ತೂವರೆಗೆ ಏಳುವುದು ನಮಗೆ ಅರಿವಿಲ್ಲದಂತೆಯೇ ರೂಢಿಯಾಗಿಬಿಡುತ್ತದೆ. ಹಬ್ಬವೆಂದ ಮೇಲೆ ಅದು ತಪ್ಪೇನೂ ಅಲ್ಲ.

ತೊಂದರೆ ಶುರುವಾಗುವುದು ಶಾಲೆ ಬಾಗಿಲು ತೆರೆದ ದಿನ. ಅಮ್ಮ ಮೂರು ಸಲ ಕೂಗಿದರೂ ಕಣ್ಣು ಬಿಡಲಾಗುವುದಿಲ್ಲ. ತಟ್ಟೆಯಲ್ಲಿ ದೋಸೆ ಇದ್ದರೂ ಹಸಿವಿಲ್ಲ. ಎರಡನೆಯ ಪೀರಿಯಡ್ಡಿನ ಹೊತ್ತಿಗೆ ಕಪ್ಪು ಹಲಗೆಯ ಮೇಲಿನ ಸಮೀಕರಣ ಮಸುಕಾಗುತ್ತದೆ. ಸಂಜೆ ಮನೆಗೆ ಬಂದು ಮಲಗಿದರೆ ಏಳುವುದು ಏಳು ಗಂಟೆಗೆ. ಆಮೇಲೆ ರಾತ್ರಿ ನಿದ್ದೆಯಿಲ್ಲ. "ರಜೆಯಲ್ಲಿ ಸೋಮಾರಿಯಾಗಿಬಿಟ್ಟಿದ್ದೀಯ" ಎಂಬ ಮಾತು ಮನೆಯಲ್ಲಿ ಕೇಳಿಬರುತ್ತದೆ. ಕೆಲವು ದಿನ ಕಳೆದ ಮೇಲೆ ನೀವೂ ಅದನ್ನು ನಂಬಿಬಿಡುತ್ತೀರಿ.

2025ರ ದಸರಾ ರಜೆಯನ್ನು ನೆನಪಿಸಿಕೊಳ್ಳಿ. ಸೆಪ್ಟೆಂಬರ್ 20ರಂದು ಆರಂಭವಾದ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರು ಮನೆ ಮನೆಗೆ ಹೋಗಬೇಕಾಗಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅದನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಅದರ ಬೆನ್ನಿಗೇ ದೀಪಾವಳಿ ಬಂತು. ಹೆಚ್ಚುಕಡಿಮೆ ಒಂದು ತಿಂಗಳು! ಹತ್ತನೆಯ ತರಗತಿಯವರಿಗೆ ಅಲ್ಲಿಂದ ಮಾರ್ಚ್ ತಿಂಗಳ ಪರೀಕ್ಷೆಗೆ ಉಳಿದದ್ದು ಐದು ತಿಂಗಳು ಮಾತ್ರ. ಅದರಲ್ಲಿ ಮೊದಲ ಎರಡು ಮೂರು ವಾರ ತೂಕಡಿಕೆಯಲ್ಲೇ ಕಳೆದರೆ ನಷ್ಟ ಸಣ್ಣದಲ್ಲ.

ಈ ತೂಕಡಿಕೆಗೆ ಸೋಮಾರಿತನ ಕಾರಣವೇ? ಬಹುಮಟ್ಟಿಗೆ ಅಲ್ಲ. ಕಾರಣ ನಿಮ್ಮ ತಲೆಯೊಳಗಿರುವ ಒಂದು ಗಡಿಯಾರ.

ಕತ್ತಲಲ್ಲೂ ನಡೆಯುವ ಗಡಿಯಾರ

ಮುಟ್ಟಿದರೆ ಮುನಿ ಗಿಡ ಹಗಲಿನಲ್ಲಿ ಎಲೆ ಬಿಚ್ಚುತ್ತದೆ, ರಾತ್ರಿ ಮಡಚುತ್ತದೆ. ಇದು ಬೆಳಕಿನ ಪ್ರಭಾವವಷ್ಟೇ ಎಂದು ಯಾರಿಗಾದರೂ ತೋರುತ್ತದೆ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಎಂಬ ವಿಜ್ಞಾನಿ ಅಂಥ ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಗಿಡ ಹಗಲಿನ ಹೊತ್ತಿಗೆ ಎಲೆ ಬಿಚ್ಚುತ್ತಲೇ ಇತ್ತು. ಅಂದರೆ ಕಾಲವನ್ನು ಅಳೆಯುವ ವ್ಯವಸ್ಥೆಯೊಂದು ಜೀವಿಯ ಒಳಗೇ ಇದೆ ಎಂದಾಯಿತು. ಇದನ್ನೇ ಜೈವಿಕ ಗಡಿಯಾರ ಎನ್ನುತ್ತಾರೆ.

ಅದರ ಒಳಗುಟ್ಟನ್ನು ಬಿಡಿಸಲು ನೆರವಾದದ್ದು ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುವ ಪುಟ್ಟ ಹಣ್ಣಿನ ನೊಣ, ಅಂದರೆ ಡ್ರೊಸೊಫಿಲ. ನಮ್ಮ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇದೇ ನೊಣದ ಬಗೆಬಗೆಯ ತಳಿಗಳನ್ನು ಸಾಕಿ ಕಾಪಾಡುವ ಕೇಂದ್ರವಿದೆ. 1971ರಲ್ಲಿ ಅಮೆರಿಕದ ಕೊನೊಪ್ಕ ಮತ್ತು ಬೆಂಜರ್ ಎಂಬ ವಿಜ್ಞಾನಿಗಳು ದಿನಚರಿ ಕೆಟ್ಟ ನೊಣಗಳನ್ನು ಪತ್ತೆ ಮಾಡಿ, ಒಂದೇ ಜೀನ್‌ನಲ್ಲಾದ ಬದಲಾವಣೆ ಅದಕ್ಕೆ ಕಾರಣವೆಂದು ತೋರಿಸಿದರು. ಆ ಜೀನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ವಿವರಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ದೊರೆಯಿತು.

ಮನುಷ್ಯನ ಮುಖ್ಯ ಗಡಿಯಾರವಿರುವುದು ಮಿದುಳಿನ ಹೈಪೊಥಲಮಸ್ ಎಂಬ ಭಾಗದಲ್ಲಿ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿನಲ್ಲಿ. ಯಾವಾಗ ನಿದ್ದೆ ಬರಬೇಕು, ಯಾವಾಗ ಹಸಿವಾಗಬೇಕು, ಮೈಯ ಉಷ್ಣತೆ ಯಾವಾಗ ಏರಿಳಿಯಬೇಕು ಎಂಬುದರಲ್ಲೆಲ್ಲ ಅದರ ಕೈವಾಡವಿದೆ. ಇಲ್ಲಿ ಒಂದು ಸ್ವಾರಸ್ಯವಿದೆ. ಹೆಚ್ಚಿನವರಲ್ಲಿ ಈ ಗಡಿಯಾರದ ಒಂದು ಸುತ್ತು 24 ಗಂಟೆಗಿಂತ ಕೆಲವು ನಿಮಿಷ ಹೆಚ್ಚು. ಹಾಗಾಗಿ ತಾನಾಗಿಯೇ ಬಿಟ್ಟರೆ ಅದು ದಿನದಿನಕ್ಕೆ ಹಿಂದೆ ಬೀಳುತ್ತದೆ. ಬೆಳಗಿನ ಬೆಳಕು ಅದನ್ನು ಪ್ರತಿದಿನ ಸರಿಯಾದ ವೇಳೆಗೆ ತಿರುಗಿಸಿಡುತ್ತದೆ. ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ ಎಂಬ ನಿಮ್ಮ ಅನುಭವಕ್ಕೆ ಒಂದು ಕಾರಣ ಇದು.

ಮೈ ಮೈಸೂರಿನಲ್ಲಿ, ಗಡಿಯಾರ ಕೈರೋದಲ್ಲಿ

ಈಗ ಸಣ್ಣದೊಂದು ಲೆಕ್ಕ ಮಾಡೋಣ. ಶಾಲೆಯ ದಿನಗಳಲ್ಲಿ ನೀವು ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುತ್ತಿದ್ದಿರಿ ಎನ್ನೋಣ. ರಜೆಯಲ್ಲಿ ಅದು ಒಂದೂವರೆ ಮತ್ತು ಒಂಬತ್ತೂವರೆ ಆಯಿತು. ವ್ಯತ್ಯಾಸ ಮೂರೂವರೆ ಗಂಟೆ. ಚಳಿಗಾಲದಲ್ಲಿ ಭಾರತಕ್ಕೂ ಈಜಿಪ್ಟಿನ ಕೈರೋ ನಗರಕ್ಕೂ ಇರುವ ಕಾಲದ ಅಂತರವೂ ಇಷ್ಟೇ. ವಿಮಾನ ಹತ್ತದೆಯೇ ನಿಮ್ಮ ಗಡಿಯಾರ ಕೈರೋ ತಲುಪಿದೆ! ಶಾಲೆ ತೆರೆದ ದಿನ ಆರು ಗಂಟೆಗೆ ನಿಮ್ಮನ್ನು ಎಬ್ಬಿಸಿದರೆ ದೇಹದ ಲೆಕ್ಕದಲ್ಲಿ ಅದು ರಾತ್ರಿ ಎರಡೂವರೆ. ಆ ಹೊತ್ತಿನಲ್ಲಿ ಯಾರಿಗೆ ತಾನೇ ದೋಸೆ ರುಚಿಸೀತು?

ದಸರಾ ನೇರಪ್ರಸಾರದ ದಿನಗಳಲ್ಲಿ ರಾತ್ರಿಯೆಲ್ಲ ಕೆಲಸ ಮಾಡಿದ ಮೇಲೆ ನನಗೂ ನನ್ನ ಸಹೋದ್ಯೋಗಿಗಳಿಗೂ ಇದೇ ಪಾಡು. ವಿಜ್ಞಾನ ಓದಿದವನೆಂದು ನಿದ್ದೆ ನನಗೆ ರಿಯಾಯಿತಿಯನ್ನೇನೂ ತೋರಿಸುವುದಿಲ್ಲ.

ನಿಮ್ಮ ವಯಸ್ಸಿನವರಿಗೆ ಇನ್ನೂ ಒಂದು ತೊಡಕಿದೆ. ಹದಿಹರೆಯದಲ್ಲಿ ಗಡಿಯಾರ ಸಹಜವಾಗಿಯೇ ತಡವಾಗುತ್ತದೆ. ಕತ್ತಲಾದ ಮೇಲೆ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಎಂಬ ರಸದೂತ ಚಿಕ್ಕ ಮಕ್ಕಳಿಗಿಂತ ನಿಮ್ಮಲ್ಲಿ ತಡವಾಗಿ ಒಸರುತ್ತದೆ. ತಮ್ಮ ತಂಗಿಯರು ಒಂಬತ್ತಕ್ಕೆ ಗೊರಕೆ ಹೊಡೆಯುವಾಗ ನಿಮಗೆ ಎಚ್ಚರವಾಗಿರುವುದು ಹಠದಿಂದಲ್ಲ. ಆದರೆ ನಿದ್ದೆಯ ಅಗತ್ಯ ಮಾತ್ರ ಕಡಿಮೆಯಾಗಿರುವುದಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಹಗಲು ಓದಿದ ಪಾಠ ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆಗೆಟ್ಟು ಓದುವುದೆಂದರೆ ತೂತು ಬಿಂದಿಗೆಗೆ ನೀರು ತುಂಬಿದಂತೆ.

ಮೊದಲು ಏಳುವ ಹೊತ್ತು

ಹಾಗಾದರೆ ಕೈರೋದಿಂದ ಮರಳುವ ದಾರಿ ಯಾವುದು? "ಇಂದು ಒಂಬತ್ತಕ್ಕೇ ಮಲಗಿಬಿಡುತ್ತೇನೆ" ಎಂದು ಹಲವರು ತೀರ್ಮಾನಿಸುತ್ತಾರೆ. ಮಲಗುತ್ತಾರೆ, ಹೊರಳಾಡುತ್ತಾರೆ, ಕೊನೆಗೆ ಫೋನು ಕೈಗೆತ್ತಿಕೊಳ್ಳುತ್ತಾರೆ. ನಿದ್ದೆಗೆ ಆಜ್ಞೆ ಮಾಡಲು ಸಾಧ್ಯವಿಲ್ಲ. ಏಳುವುದು ಮಾತ್ರ ನಮ್ಮ ಕೈಯಲ್ಲಿದೆ. ಆದ್ದರಿಂದ ಮೊದಲು ಏಳುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಮಲಗುವ ಹೊತ್ತು ತಾನಾಗಿಯೇ ಅದರ ಹಿಂದೆ ಬರುತ್ತದೆ.

ಶಾಲೆ ತೆರೆಯಲು ಇನ್ನೂ ಒಂದು ವಾರವಿದ್ದರೆ ದಿನಕ್ಕೆ ಅರ್ಧ ಗಂಟೆಯಂತೆ ಮುಂಚೆ ಏಳಿ. ಒಂಬತ್ತೂವರೆ, ಒಂಬತ್ತು, ಎಂಟೂವರೆ... ಹೀಗೆ ಏಳು ದಿನಗಳಲ್ಲಿ ಮೂರೂವರೆ ಗಂಟೆ ತುಂಬುತ್ತದೆ. ಶಾಲೆ ಈಗಾಗಲೇ ಆರಂಭವಾಗಿದ್ದರೆ ಗತ್ಯಂತರವಿಲ್ಲ, ಮೊದಲ ದಿನದಿಂದಲೇ ಆರಕ್ಕೆ ಏಳಬೇಕು. ಮೂರು ನಾಲ್ಕು ದಿನ ಕಷ್ಟವಾಗುತ್ತದೆ. ಆ ದಿನಗಳಲ್ಲಿ ಸಂಜೆಯ ನಿದ್ದೆಯನ್ನು ದೂರವಿಡಿ. ತಡೆಯಲಾಗದಿದ್ದರೆ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಭಾನುವಾರವೂ ಹೆಚ್ಚೆಂದರೆ ಒಂದು ಗಂಟೆ ತಡವಾಗಿ ಏಳಿ. ಇಲ್ಲದಿದ್ದರೆ ಆರು ದಿನಗಳ ಪ್ರಯಾಸ ಒಂದೇ ಬೆಳಿಗ್ಗೆ ನೀರುಪಾಲು.

ಎದ್ದ ಕೂಡಲೇ ಹೊರಗೆ ಬನ್ನಿ. ಮನೆಯ ಟ್ಯೂಬ್‌ಲೈಟಿನ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ಮೋಡ ಕವಿದ ಹಗಲಿನಲ್ಲೂ ಬಯಲಿನ ಬೆಳಕು ಹಲವು ಸಾವಿರ ಲಕ್ಸ್ ಇರುತ್ತದೆ. ಮೈಸೂರಿನಲ್ಲಿ ಅಕ್ಟೋಬರ್ ತಿಂಗಳಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂಕಾಲಕ್ಕೆ. ಕುಕ್ಕರಹಳ್ಳಿ ಕೆರೆಯ ಏರಿ ಹತ್ತಿರವಿದ್ದರೆ ಒಂದು ನಡಿಗೆ. ಇಲ್ಲವಾದರೆ ಮನೆಯ ಮುಂದೆ ರಂಗೋಲಿ ಹಾಕುವುದು, ಹಾಲು ತರುವುದು, ಗಿಡಕ್ಕೆ ನೀರು ಹಾಕುವುದು, ಇಷ್ಟಾದರೂ ಸಾಕು. ಇಪ್ಪತ್ತು ಮೂವತ್ತು ನಿಮಿಷ ಕಣ್ಣಿಗೆ ಹಗಲಿನ ಬೆಳಕು ಬೀಳಬೇಕು. (ಸೂರ್ಯನನ್ನು ನೇರವಾಗಿ ನೋಡಬೇಡಿ.)

ರಾತ್ರಿ ಇದಕ್ಕೆ ತದ್ವಿರುದ್ಧ. ಮಲಗುವ ಒಂದು ಗಂಟೆ ಮೊದಲೇ ದೀಪಗಳನ್ನು ಮಂದ ಮಾಡಿ. ಫೋನನ್ನು ಹಾಸಿಗೆಯ ಪಕ್ಕದಲ್ಲಿಡದೆ ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಅದರ ಬೆಳಕಿನ ಮಾತು ಹಾಗಿರಲಿ, ಒಂದರ ಹಿಂದೆ ಒಂದರಂತೆ ಬರುವ ವಿಡಿಯೋಗಳು ಮನಸ್ಸನ್ನು ಮಲಗಲು ಬಿಡುವುದಿಲ್ಲ. ನಮ್ಮ ಊರಿನ ಫಿಲ್ಟರ್ ಕಾಫಿಗೂ ಒಂದು ಮಿತಿ ಇರಲಿ. ಕಾಫಿಯ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧಭಾಗ ರಾತ್ರಿ ಹತ್ತಕ್ಕೂ ಎಚ್ಚರವಾಗಿರುತ್ತದೆ, ನಿಮ್ಮನ್ನೂ ಎಚ್ಚರವಾಗಿಡುತ್ತದೆ.

ಬೆಳಗಿನ ತಿಂಡಿ ತಪ್ಪಿಸಬೇಡಿ. ಊಟದ ಹೊತ್ತೂ ದೇಹಕ್ಕೆ ಕಾಲವನ್ನು ತಿಳಿಸುತ್ತದೆ. ಮೊದಲ ದಿನಗಳಲ್ಲಿ ಹಸಿವಿಲ್ಲದಿದ್ದರೆ ಒಂದು ಬಾಳೆಹಣ್ಣು, ಒಂದು ಲೋಟ ರಾಗಿ ಗಂಜಿಯಿಂದಲೇ ಆರಂಭಿಸಿ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ.

ಜೊತೆಗಾರರ ಬಲ

ಮದುರೆ ಕಾಮರಾಜ ವಿಶ್ವವಿದ್ಯಾಲಯದ ಎಂ.ಕೆ. ಚಂದ್ರಶೇಖರನ್ ನಮ್ಮ ದೇಶದಲ್ಲಿ ಜೈವಿಕ ಗಡಿಯಾರದ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಅವರೂ ಅವರ ಸಂಗಡಿಗರೂ ಗುಹೆಯ ಬಾವಲಿಗಳ ಮೇಲೆ ನಡೆಸಿದ ಪ್ರಯೋಗವೊಂದು 1981ರಲ್ಲಿ ಪ್ರಕಟವಾಯಿತು. ಹಗಲು ರಾತ್ರಿಯ ಸುಳಿವೇ ಸಿಗದ ಗುಹೆಯ ಕತ್ತಲಲ್ಲಿ ಒಂದು ಬಾವಲಿಯನ್ನು ಕೂಡಿಟ್ಟರು. ಸುತ್ತಲೂ ಸ್ವತಂತ್ರವಾಗಿ ಹೋಗಿಬರುವ ಬಾವಲಿಗಳ ಹಿಂಡು ಇದ್ದಾಗ, ಅವು ಹೊರಹೋಗುವ ಬರುವ ಹೊತ್ತಿಗೇ ಕೂಡಿಟ್ಟ ಬಾವಲಿಯ ಗಡಿಯಾರವೂ ಹೊಂದಿಕೊಂಡು ನಡೆಯಿತು!

ಮನುಷ್ಯ ಬಾವಲಿಯಲ್ಲ, ನಿಜ. ನಮಗೆ ಬೆಳಕೇ ಮುಖ್ಯ. ಆದರೂ ಬೆಳಿಗ್ಗೆ ಎಂಟಕ್ಕೆ ಗೆಳತಿಯೊಬ್ಬಳು ಬಾಗಿಲಲ್ಲಿ ಸೈಕಲ್ ಬೆಲ್ ಬಾರಿಸುತ್ತಾಳೆ ಎಂದು ಗೊತ್ತಿದ್ದರೆ ಏಳುವುದು ಎಷ್ಟು ಸುಲಭವೆಂದು ನಿಮಗೇ ತಿಳಿದಿದೆ. ಮೊದಲ ವಾರ ಯಾರೊಂದಿಗಾದರೂ ಜೊತೆಯಾಗಿ ಶಾಲೆಗೆ ಹೋಗುವ ಏರ್ಪಾಡು ಮಾಡಿಕೊಳ್ಳಿ.

ಪುಸ್ತಕದ ಮುಂದೆ

ರಜೆ ಮುಗಿದ ಹುರುಪಿನಲ್ಲಿ ಬಣ್ಣದ ಪೆನ್ನುಗಳಿಂದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವವರಿದ್ದಾರೆ. ಬೆಳಿಗ್ಗೆ ಎರಡು ಗಂಟೆ ಗಣಿತ, ಸಂಜೆ ಮೂರು ಗಂಟೆ ವಿಜ್ಞಾನ. ಸಾಮಾನ್ಯವಾಗಿ ಅದು ಮೂರನೆಯ ದಿನ ಸೋಲುತ್ತದೆ, ಸೋತ ಮೇಲೆ ಗೋಡೆಯಿಂದ ನಮ್ಮನ್ನು ಅಣಕಿಸುತ್ತದೆ. ಅದರ ಬದಲು ಮೊದಲ ವಾರ ಒಂದೇ ನಿಯಮ ಸಾಕು: ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಇಪ್ಪತ್ತೈದು ನಿಮಿಷ ಕೂರುವುದು. ಎರಡನೆಯ ವಾರ ಅದನ್ನು ಎರಡು ಬಾರಿ ಮಾಡಿ.

ಆ ಇಪ್ಪತ್ತೈದು ನಿಮಿಷದಲ್ಲಿ ಏನು ಓದಬೇಕು? ಕಲಿತದ್ದು ಮೊದಲ ಕೆಲವು ದಿನಗಳಲ್ಲೇ ಅತಿ ವೇಗವಾಗಿ ಮರೆತುಹೋಗುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. ಹಾಗೆಯೇ, ಒಮ್ಮೆ ಕಲಿತದ್ದನ್ನು ಮತ್ತೆ ಕಲಿಯಲು ಮೊದಲಿನಷ್ಟು ಹೊತ್ತು ಬೇಡ ಎಂಬುದನ್ನೂ ಕಂಡುಕೊಂಡಿದ್ದ. ಆದ್ದರಿಂದ "ಎಲ್ಲ ಮರೆತುಹೋಯಿತು" ಎಂದು ಗಾಬರಿಯಾಗಬೇಡಿ. ರಜೆಗೆ ಮುಂಚಿನ ಒಂದು ಪಾಠದ ಹೆಸರನ್ನು ಹಾಳೆಯ ಮೇಲೆ ಬರೆದು, ಪುಸ್ತಕ ಮುಚ್ಚಿ, ನೆನಪಿರುವಷ್ಟನ್ನು ಬರೆಯಿರಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ತುಂಬಿ. ಬರೀ ಓದಿಕೊಳ್ಳುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ.

ಎಲ್ಲರ ಮನೆಯೂ ಒಂದೇ ಅಲ್ಲ

ಇಷ್ಟನ್ನೂ ಹೇಳುವುದು ಸುಲಭ. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಯಲ್ಲಿ ದೀಪ ಮಂದ ಮಾಡುವುದು ಹೇಗೆ? ಅಪ್ಪನ ಅಂಗಡಿ ಮುಚ್ಚುವುದೇ ರಾತ್ರಿ ಹತ್ತೂವರೆಗಾದರೆ, ಬೆಳಗಿನ ನೀರು, ಪಾತ್ರೆಯ ಕೆಲಸ ಮಗಳ ಪಾಲಿಗೇ ಬಂದರೆ? ಅಂಥವರು ಎಲ್ಲವನ್ನೂ ಮಾಡಲಾಗದಿದ್ದರೂ ಏಳುವ ಹೊತ್ತು ಮತ್ತು ಬೆಳಗಿನ ಬೆಳಕು, ಈ ಎರಡನ್ನು ಬಿಡದಿದ್ದರೆ ಸಾಕು. ಇವಕ್ಕೆ ಹಣವೂ ಬೇಡ, ಕೋಣೆಯೂ ಬೇಡ. ಇದನ್ನು ಓದುವ ತಂದೆ ತಾಯಿಗಳಲ್ಲಿ ಒಂದು ಬಿನ್ನಹ: ಮೊದಲ ಎರಡು ವಾರ ಬೈಗುಳಕ್ಕಿಂತ ಬೇಗನೆ ಬಡಿಸಿದ ಊಟ ಹೆಚ್ಚು ಕೆಲಸ ಮಾಡುತ್ತದೆ.

ಕೊನೆಯದಾಗಿ ಒಂದು ಮುಖ್ಯ ವಿಷಯ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಮುಚ್ಚಿದ ಶಾಲೆ ಹತ್ತನೆಯ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಜನವರಿ 1ರಂದು. ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿ, ಒಂಬತ್ತು ಮತ್ತು ಹತ್ತನೆಯ ತರಗತಿಗಳು ಪುನಃ ಆರಂಭವಾದದ್ದು ಆ ವರ್ಷದ ಆಗಸ್ಟ್ 23ರಂದು. ಆಗ ಮರಳಲು ತಡಕಾಡಿದ ಮಕ್ಕಳೆಲ್ಲರ ಕಷ್ಟ ನಿದ್ದೆಯದೊಂದೇ ಆಗಿರಲಿಲ್ಲ. ಭಯ, ಮನೆಯ ಬಡತನ, ಕಳೆದುಕೊಂಡವರ ನೋವು, ಪಾಠ ಅರ್ಥವಾಗದ ನಾಚಿಕೆ ಎಲ್ಲವೂ ಇದ್ದವು. ಇಂದೂ ಹಾಗಿರಬಹುದು. ಎರಡು ಮೂರು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಶಾಲೆಯ ದಿನ ಮಾತ್ರ ಹೊಟ್ಟೆನೋವು ಬರುತ್ತಿದ್ದರೆ, ಗೆಳೆಯರು ಬೇಡ, ಆಟ ಬೇಡ, ಏನೂ ಬೇಡ ಎನಿಸುತ್ತಿದ್ದರೆ, ಶಾಲೆಯಲ್ಲಿ ಯಾರಾದರೂ ಹೆದರಿಸುತ್ತಿದ್ದರೆ, ಅದು ಗಡಿಯಾರದ ಮಾತಲ್ಲ. ನಂಬಿಕೆಯ ಹಿರಿಯರೊಬ್ಬರಿಗೆ ಹೇಳಿ. ಹೇಳಲು ಯಾರೂ ಇಲ್ಲವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಉಳಿದಂತೆ, ನಾಳೆ ಬೆಳಿಗ್ಗೆ ಅಲಾರಂ ಬಡಿದಾಗ ನಿಮ್ಮನ್ನು ನೀವು ಸೋಮಾರಿ ಎಂದು ಹಳಿದುಕೊಳ್ಳಬೇಡಿ. ಗಡಿಯಾರ ಸ್ವಲ್ಪ ಹಿಂದೆ ಬಿದ್ದಿದೆ, ಅಷ್ಟೇ. ಎದ್ದು ಬಾಗಿಲು ತೆಗೆದು ಹೊರಗೆ ಬನ್ನಿ. ಚಾಮುಂಡಿ ಬೆಟ್ಟದ ಕಡೆ ಬೆಳಕು ಮೂಡಿರುತ್ತದೆ. ಅದನ್ನು ಸರಿಪಡಿಸುವ ಕೆಲಸ ಅಲ್ಲಿಂದ ಆರಂಭವಾಗುತ್ತದೆ.