ಒಳಹೊಕ್ಕು ನೋಡುವ ಕಲೆ

ಚಿತ್ರವನ್ನು ನಾವು ಎದುರಿಗೆ ನಿಂತು ನೋಡುತ್ತೇವೆ; ಶಿಲ್ಪವನ್ನು ಸುತ್ತುಬಂದು ನೋಡುತ್ತೇವೆ. ನೋಡುವವರನ್ನು ತನ್ನೊಳಗೆ ಬರಮಾಡಿಕೊಳ್ಳುವ ಮತ್ತೊಂದು ಬಗೆಯ ಕಲೆಯೂ ಉಂಟು. ಅದನ್ನು ಪ್ರತಿಷ್ಠಾಪನ ಕಲೆಯೆನ್ನುವರು. ಬೆಳಕು, ನೆರಳು, ಧ್ವನಿ, ನಡೆಯುವ ದಾರಿ ಎಲ್ಲವೂ ಅದರ ಅಂಗಗಳೇ. ಮುಂಬಯಿಯ ಗಣೇಶೋತ್ಸವದಲ್ಲಿ ಗುಹೆಯಂತೆಯೋ ಅರಮನೆಯಂತೆಯೋ ಕಟ್ಟಿದ ಮಂಟಪವನ್ನು ಹೊಕ್ಕು ಬಂದಿರುವ ನಮಗೆ ಇದು ತೀರ ಅಪರಿಚಿತವಾದುದಲ್ಲ.

ಈ ಕಲೆಯನ್ನು ಬೀದಿಯಲ್ಲಿಯೇ ಕಾಣಬೇಕಾದರೆ ನಮ್ಮ ನಗರದ ಕಾಲಾ ಘೋಡಾಕ್ಕೆ ಹೋಗಬೇಕು. ಕಾಲಾ ಘೋಡಾ ಎಂದರೆ ಕರಿಯ ಕುದುರೆ. 1879ರಲ್ಲಿ ಇಲ್ಲಿ ಇಂಗ್ಲೆಂಡಿನ ಯುವರಾಜ ಎಡ್ವರ್ಡನ ಅಶ್ವಾರೂಢ ಪ್ರತಿಮೆಯನ್ನು ನಿಲ್ಲಿಸಿದರು. ಜನರು ಸವಾರನನ್ನು ಬಿಟ್ಟು ಕುದುರೆಯ ಹೆಸರಿನಿಂದಲೇ ಆ ಎಡೆಯನ್ನು ಕರೆದರು. 1965ರಲ್ಲಿ ಪ್ರತಿಮೆ ಅಲ್ಲಿಂದ ತೆರವಾಗಿ ರಾಣಿಬಾಗ್ ಉದ್ಯಾನವನ್ನು ಸೇರಿತು. ಹೆಸರು ಮಾತ್ರ ಉಳಿಯಿತು. 2017ರಲ್ಲಿ ಅಲ್ಲಿ ಹೊಸದೊಂದು ಕುದುರೆ ಬಂದು ನಿಂತಿದೆ. ಅದರ ಬೆನ್ನಿನ ಮೇಲೆ ಯಾವ ಸವಾರನೂ ಇಲ್ಲ.

1999ರಲ್ಲಿ ಇಲ್ಲಿ ಕಲೋತ್ಸವವೊಂದು ಪ್ರಾರಂಭವಾಯಿತು. ಅದು ಸಾಮಾನ್ಯವಾಗಿ ಒಂಬತ್ತು ದಿನ ನಡೆಯುತ್ತದೆ. ಆಗ ಜಹಾಂಗೀರ್ ಕಲಾಮಂದಿರದ ಬಳಿಯ ಬೀದಿ ವಾಹನಗಳನ್ನು ಬಿಟ್ಟು ಕಾಲ್ನಡೆಯವರಿಗೆ ಮೀಸಲಾಗುತ್ತದೆ. ಹೆಸರಾಂತ ಕಲಾವಿದರ ಕೃತಿಗಳ ಜೊತೆಯಲ್ಲಿ ವಿನ್ಯಾಸ ಮತ್ತು ವಾಸ್ತುಶಿಲ್ಪ ಕಾಲೇಜುಗಳ ವಿದ್ಯಾರ್ಥಿಗಳು ರಚಿಸಿದ ಕೃತಿಗಳೂ ಅಲ್ಲಿ ನಿಲ್ಲುತ್ತವೆ.

ಬಿದಿರು, ಬಟ್ಟೆ, ಬಿಸುಟ ಶೀಸೆ ಮುಂತಾದ ಸಾಮಾನ್ಯ ವಸ್ತುಗಳಿಂದಲೇ ಇಂತಹ ರಚನೆಯನ್ನು ಮಾಡಬಹುದು. ಆದರೆ ಅದಕ್ಕೆ ಕಲ್ಪನೆಯೊಂದೇ ಸಾಲದು. ಬೀಸುವ ಗಾಳಿಗೆ ಅದು ಬೀಳಬಾರದು. ಸಾವಿರ ಕೈಗಳು ಮುಟ್ಟಿದರೂ ಮುರಿಯಬಾರದು. ಜನರು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ನೂಕುನುಗ್ಗಲಿಲ್ಲದೆ ಹೊರಬರಬೇಕು. ಮಗುವಿನ ಕಣ್ಣೆತ್ತರಕ್ಕೂ ಏನಾದರೊಂದು ಕಾಣಬೇಕು. ಹಗಲಿನ ಬಿಸಿಲಿನಲ್ಲಿ ಮಂಕಾಗಿರುವುದು ರಾತ್ರಿಯ ದೀಪದಲ್ಲಿ ಬೆಳಗಬಹುದೆಂಬುದನ್ನೂ ಮೊದಲೇ ಯೋಚಿಸಿರಬೇಕು. ಹೀಗೆ ಗಣಿತ, ವಿಜ್ಞಾನ, ಚಿತ್ರಕಲೆಗಳು ಇಲ್ಲಿ ಒಟ್ಟಾಗಿ ದುಡಿಯುತ್ತವೆ.

ಉತ್ಸವ ಮುಗಿದೊಡನೆ ಇವುಗಳಲ್ಲಿ ಬಹುಪಾಲನ್ನು ಬಿಚ್ಚಿ ತೆಗೆಯುತ್ತಾರೆ. ಇಷ್ಟು ಶ್ರಮ ವ್ಯರ್ಥವಲ್ಲವೇ ಎಂದು ನಾವು ಕೇಳಬಹುದು. ಹಿಂದೆ ಈ ಬೀದಿಯಲ್ಲಿ ಜನರು ಅರಸುಮಗನನ್ನು ತಲೆಯೆತ್ತಿ ನೋಡಬೇಕಾಗಿತ್ತು. ಇಂದು ವಿದ್ಯಾರ್ಥಿಗಳು ಕಟ್ಟಿದ ಕೃತಿಯೊಳಕ್ಕೆ ಯಾರು ಬೇಕಾದರೂ ಶುಲ್ಕವಿಲ್ಲದೆ ಕಾಲಿಡಬಹುದು. ಅದನ್ನು ಅನುಭವಿಸಲು ಇಂತಹ ಭಾಷೆಯೇ ತಿಳಿದಿರಬೇಕೆಂಬ ನಿಯಮವೂ ಇಲ್ಲ. ಊರಿನ ಬೀದಿ ಊರಿನವರೆಲ್ಲರದು ಎಂಬುದನ್ನು ಆ ಒಂಬತ್ತು ದಿನಗಳು ನಮಗೆ ಕಲಿಸುತ್ತವೆ. ಕನ್ನಡ ಶಾಲೆಯ ಮಕ್ಕಳಾದ ನಾವೂ ಈ ಊರಿನವರೇ. ಬರುವ ಉತ್ಸವಕ್ಕೆ ತಪ್ಪದೆ ಹೋಗೋಣ. ನೋಡಿ ಬಂದು, ನಮ್ಮ ಶಾಲೆಯ ಅಂಗಳದಲ್ಲಿ ನಾವೇನು ಕಟ್ಟಬಲ್ಲೆವೆಂದು ಆಲೋಚಿಸೋಣ.